ಟಪಾಲಪ್ಪ ಮತ್ತು ಹಸಿರು ಸೀರೆಯ ಸೆರಗು

ಇವತ್ತು ಬೆಳಿಗ್ಗೆ ಪುಣೆಯಿಂದ ಒಂದು ಪಾರ್ಸಲ್ ಬಂತು. ಕಟ್ಟು ಬಿಚ್ಚಿದ ಕೂಡಲೇ ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿದು ಎರಡು ಸೀನು ಬಂದವು. ಮೂರನೆಯದು ಬರುವ ಮೊದಲೇ ಒಳಗಿದ್ದದ್ದು ಕಂಡಿತು. ಹಸಿರು ಇಳಕಲ್ ಸೀರೆ, ಕೆಂಪು ಸೆರಗು. ಅದರ ಗುರುತು ನನಗೆ ಚೆನ್ನಾಗಿಯೇ ಇದೆ. ನಾಲ್ಕು ವರ್ಷದ ಹಿಂದೆ ಆ ಸೆರಗಿಗೆ ಒಂದು ಗೇಣು ಕತ್ತರಿ ಹಾಕಿದವಳು ನಾನೇ.

ಪಾರ್ಸಲಿನಲ್ಲಿ ಚೀಟಿ ಇರಲಿಲ್ಲ. ಕಳಿಸಿದವಳಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಕತ್ತರಿ ಕೈಗೆ ಸಿಗುವಷ್ಟು ಹತ್ತಿರ ಬಿದ್ದಿತ್ತು. ಮುಟ್ಟಲಿಲ್ಲ. ಮೊಣಕಾಲಿಗೆ ಎರಡು ಬೈಗುಳ ಕೊಟ್ಟು ಎದ್ದು, ಟ್ರಂಕಿನ ಮೇಲೆ ಕೂತಿರುವ ಕಂಪ್ಯೂಟರಿನ ಗುಂಡಿ ಒತ್ತಿದೆ. ಅದು ಕಣ್ಣು ಬಿಡಲು ಒಂದು ಲೀಟರ್ ಹಾಲು ಉಕ್ಕುವಷ್ಟು ಹೊತ್ತು ಬೇಕು. ಅಷ್ಟರೊಳಗೆ, ಮೂರನೆಯ ಇಯತ್ತೆ ಓದಿದ ಮುದುಕಿ ಕತ್ತರಿಗಿಂತ ಮೊದಲು ಕಂಪ್ಯೂಟರ್ ಯಾಕೆ ಮುಟ್ಟುತ್ತಾಳೆ ಎಂಬುದನ್ನು ನಿಮಗೆ ಹೇಳಿಬಿಡುತ್ತೇನೆ. ಕೂತುಕೊಳ್ಳಿ. ಆ ಸ್ಟೂಲಿನ ಮೇಲೆ ಬೇಡ, ಅದರ ಒಂದು ಕಾಲು ನನ್ನ ಕಾಲಿನ ಹಾಗೇ ಇದೆ.

ನಾನು ಕೌದಿ ಹೊಲಿಯುವವಳು. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಜೋಡಿಸಿ, ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಕೈಯಿಂದ ಹೊಲಿದರೆ ಕೌದಿ. ಹಾಸಲೂ ಆಯಿತು, ಹೊದೆಯಲೂ ಆಯಿತು. ಮೊದಲಿನಿಂದ ಇದೇ ಕೆಲಸವಲ್ಲ. ವಿಜಾಪುರದ ಕಡೆಯಿಂದ ಗಂಡನ ಜೊತೆ ಗೋವೆಗೆ ಬಂದಾಗ ಕಟ್ಟಡದ ಕೆಲಸಕ್ಕೆ ಇಟ್ಟಿಗೆ ಹೊತ್ತೆ. ಆಮೇಲೆ ಬಹಳ ವರ್ಷ ಸಮುದ್ರದ ದಂಡೆಯ ಮೇಲೆ ಮಣಿಸರ, ಕಸೂತಿ ಚೀಲ ಮಾರಿದೆ. ಮರಳಿನಲ್ಲಿ ನಡೆದೂ ನಡೆದೂ ಮೊಣಕಾಲು ಕೈ ಕೊಟ್ಟ ಮೇಲೆ, ಫಾತೋರ್ಡಾದ ಈ ಬಾಡಿಗೆ ಖೋಲಿಯಲ್ಲಿ ಕೂತು ಸೂಜಿ ಹಿಡಿದೆ.

ಖೋಲಿ ಎಂದಾಗ ನನ್ನದೊಂದು ಚಟದ ಬಗ್ಗೆ ಹೇಳಬೇಕು. ಈ ಊರಲ್ಲಿ ನಾವು ಒಂಬತ್ತು ಖೋಲಿ ಬದಲಿಸಿದ್ದೇವೆ. ಪ್ರತಿ ಖೋಲಿಗೆ ಕಾಲಿಟ್ಟ ದಿನವೇ ನಾನು ಮಾಡುತ್ತಿದ್ದ ಮೊದಲ ಕೆಲಸ, ಅಲ್ಲಿ ಮೊದಲೇ ಇದ್ದದ್ದನ್ನು ಕಿತ್ತು ಹೊರಗಿಡುವುದು. ಮಾಲಕ ಕೊಟ್ಟ ಒಲೆ ಹೊರಗೆ. ಬಾಗಿಲಿನ ಚಿಲಕ ಹೊರಗೆ. ಒಂದು ಕಡೆ ಕಿಟಕಿಯ ಬಾಗಿಲನ್ನೇ ಬಿಚ್ಚಿ ಇಟ್ಟಿದ್ದೆ. ಅಲ್ಲಿನ ಮಾಲಕ ಬಂದು ನೋಡಿ ತಲೆಯ ಮೇಲೆ ಕೈ ಹೊತ್ತುಕೊಂಡ.

‘ಅಲ್ಲ, ಇದ್ದದ್ದಕ್ಕ ಏನಾಗಿತ್ತ?’ ಎಂದು ನನ್ನ ಗಂಡ ಪ್ರತಿ ಸಲ ಕೇಳುತ್ತಿದ್ದ.

‘ಆ ಒಲೀ ಮುಂದ ಕುಂದ್ರಾಕಿ ನಾನು. ಯಾವ್ದು ಬೇಕಂತ ಆರಿಸೂದೂ ನಾನಽ,’ ಎನ್ನುತ್ತಿದ್ದೆ.

ಆ ಮನುಷ್ಯ ಪಾಪ, ಒಲೆ ಹೊತ್ತುಕೊಂಡು ಹೋಗಿ ಹೊರಗಿಡುತ್ತಿದ್ದ. ಈಗ ಇಲ್ಲ. ಇದ್ದಿದ್ದರೆ ಮುಂದಿನ ಕಥೆ ಕೇಳಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಇಂಥ ಹೆಂಗಸು ಒಂದು ಹಳೆಯ ಕಂಪ್ಯೂಟರಿನ ಮುಂದೆ ಹೊಸ ಸೊಸೆಯ ಹಾಗೆ ತಲೆ ತಗ್ಗಿಸಿ ನಿಂತಳಲ್ಲ, ಅದಕ್ಕೆ.

ಕಂಪ್ಯೂಟರ್ ಬಂದದ್ದು ಫಿಲುಬಾಯಿಯ ಮನೆಯಿಂದ. ನಾನು ಹಿಂದೆ ಪಾತ್ರೆ ತೊಳೆಯುತ್ತಿದ್ದ ಮನೆ ಅದು. ಆಕೆ ಹೊಸದು ತಂದುಕೊಂಡಳು. ಹಳೆಯದನ್ನು ಅಡುಗೆಮನೆಯ ಹಿಂದೆ ಇಟ್ಟು, ‘ಜಾಯ್ ಗೋ ತುಕಾ?’ ಬೇಕೇನೇ ನಿನಗೆ, ಎಂದು ಕೊಂಕಣಿಯಲ್ಲಿ ಕೇಳಿದಳು. ಬೇಡ ಎನ್ನುವ ಅಭ್ಯಾಸ ನನಗಿಲ್ಲ. ರಿಕ್ಷಾದಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ತಂದೆ. ಮಗನ ಮಗಳು ಸುಜಿ ಆಗ ಮಡಗಾವಿನ ಕಾಲೇಜಿಗೆ ಹೋಗುತ್ತಿದ್ದಳು. ನಾನು ಹೊಲಿದ ಕೌದಿಗಳ ಫೋಟೋ ತೆಗೆದು ಅದೆಲ್ಲಿಯೋ ಹಾಕಿದಳು. ನೋಡಿದವರು ಇ-ಮೇಲ್ ಬರೆಯತೊಡಗಿದರು. ಸುಜಿ ಓದಿ ಹೇಳುತ್ತಿದ್ದಳು, ನಾನು ಹೊಲಿಯುತ್ತಿದ್ದೆ.

ಇ-ಮೇಲ್ ತಂದುಕೊಡುವುದು ಕಂಪ್ಯೂಟರಿನ ಜೊತೆಗೇ ಬಂದಿದ್ದ ಒಂದು ವ್ಯವಸ್ಥೆ. ನಾನು ಅದಕ್ಕೆ ಟಪಾಲಪ್ಪ ಎಂದು ಹೆಸರಿಟ್ಟಿದ್ದೆ. ಹೊರಗಿನ ಜಗತ್ತು ತೋರಿಸುವುದಕ್ಕೂ ಜೊತೆಗೇ ಬಂದದ್ದೊಂದು ಬ್ರೌಸರ್ ಇತ್ತು. ಅದು ತೆರೆದ ಕೂಡಲೇ ಯಾವಳೋ ನಟಿ ಗಂಡನನ್ನು ಬಿಟ್ಟ ಸುದ್ದಿ, ಹೊಟ್ಟೆ ಕರಗಿಸುವ ಕಷಾಯ, ನಾಳೆಯ ಮಳೆ, ಎಲ್ಲವನ್ನೂ ಮುಖದ ಮೇಲೆ ಎಸೆಯುತ್ತಿತ್ತು. ಸಾರ್ವಜನಿಕ ನಳದ ಮುಂದೆ ಕೊಡ ಹಿಡಿದು ನಿಂತ ಹಾಗೆ ಅನಿಸುತ್ತಿತ್ತು.

‘ಆಯಿ, ಇವೆರಡೂ ಬದಲಿಸೂಣ,’ ಎಂದು ಸುಜಿ ಹಿಂದೆ ಬಿದ್ದಳು. ಆಯಿ ಎಂದರೆ ನಮ್ಮ ಕಡೆ ಅಜ್ಜಿ. ‘ಇವಕ್ಕಿಂತ ಚಲೋವು ಅದಾವ. ಪುಕ್ಕಟೆ ಸಿಗ್ತಾವ.’

‘ಮುಟ್ಟಬ್ಯಾಡ. ಯಂತ್ರದ ಜೋಡಿ ಬಂದಾವ ಅವು.’

‘ಜೋಡಿ ಬಂದ್ರ ಏನಾತು? ಬ್ಯಾರೇದು ಹಾಕ್ಕೋಬಹುದು.’

‘ಲಾರಿ ಜೋಡಿ ಇಂಜಿನ್ ಬರ್ತೈತಿ. ಬ್ಯಾರೇದು ಹಾಕ್ತಿ ಏನ?’

‘ಇದು ಇಂಜಿನ್ ಅಲ್ಲ ಆಯಿ, ಲಾರೀ ಮುಂದ ಕಟ್ಟಿದ ಲಿಂಬಿಕಾಯಿ!’

ನಾನು ಬಗ್ಗಲಿಲ್ಲ. ಬಂದ ಪತ್ರಗಳೆಲ್ಲ ಟಪಾಲಪ್ಪನ ಚೀಲದಲ್ಲಿವೆ, ಅವನನ್ನು ಕಳಿಸಿದರೆ ಚೀಲವೂ ಹೋಗುತ್ತದೆ ಎಂದು ನನ್ನ ಲೆಕ್ಕ. ಖರೇ ಹೇಳಬೇಕೆಂದರೆ ಹೆದರಿಕೆ. ಮಾಲಕನ ಕಿಟಕಿ ಕಿತ್ತವಳಿಗೆ ಈ ಡಬ್ಬಿಯ ಹೆದರಿಕೆ. ಸುಜಿಗೆ ಅದು ಗೊತ್ತಾಗಬಾರದೆಂದು ಧ್ವನಿ ಎತ್ತರಿಸಿ ಮಾತಾಡುತ್ತಿದ್ದೆ, ಅಷ್ಟೇ.

ಅಂಥದರಲ್ಲಿ ವಿಮಲಾಬಾಯಿಯ ಸೀರೆಗಳು ಬಂದವು. ಆಕೆ ಧಾರವಾಡದವಳು, ಮದುವೆಯಾಗಿ ಪುಣೆ ಸೇರಿದವಳು. ತೀರಿಹೋದ ತಾಯಿಯ ಒಂಬತ್ತು ಸೀರೆ ಕಳಿಸಿದ್ದಳು. ಒಂಬತ್ತೂ ಸೇರಿಸಿ ಒಂದು ದೊಡ್ಡ ಕೌದಿ ಆಗಬೇಕಿತ್ತು. ‘ಎಲ್ಲಾ ಕತ್ತರಿ ಹಾಕ್ರಿ’ ಎಂದು ಕನ್ನಡದಲ್ಲೇ ಇ-ಮೇಲ್ ಬರೆದಿದ್ದಳು.

ಇಲ್ಲಿ ನಮ್ಮ ಕೆಲಸದ ಒಂದು ಪದ್ಧತಿ ಹೇಳದಿದ್ದರೆ ನಿಮಗೆ ಮುಂದಿನದು ತಿಳಿಯುವುದಿಲ್ಲ. ಊರಲ್ಲಿ ಕೌದಿ ಹೊಲಿಯುವವಳು ಯಾರ ಮನೆಯ ಬಟ್ಟೆಗೂ ತಾನಾಗಿ ಕತ್ತರಿ ಹಾಕುವುದಿಲ್ಲ. ಆ ಮನೆಯ ಹೆಂಗಸು ಎದುರಿಗೆ ಕೂತು ಒಂದೊಂದೇ ಬಟ್ಟೆಯನ್ನು ತನ್ನ ಕೈಯಿಂದ ಎತ್ತಿ ಕೊಡಬೇಕು. ಯಾಕೆಂದರೆ ಹೆಂಗಸರ ಮನಸ್ಸು ಬದಲಾಗುತ್ತದೆ. ನಿನ್ನೆ ‘ಎಲ್ಲಾ ಹರಿದು ಹಾಕು’ ಅಂದವಳು ಇವತ್ತು ಒಂದು ಸೀರೆ ಬಂದಾಗ ಸುಮ್ಮನೆ ಮಡಿಲಲ್ಲಿ ಇಟ್ಟುಕೊಂಡುಬಿಡುತ್ತಾಳೆ. ನಾವು ಕೇಳುವುದಿಲ್ಲ, ಆಕೆಯೂ ಹೇಳುವುದಿಲ್ಲ. ಮುಂದಿನದಕ್ಕೆ ಕೈ ಚಾಚುತ್ತೇವೆ.

ಪುಣೆಯ ಹೆಂಗಸು ನನ್ನ ಎದುರು ಬಂದು ಕೂರುತ್ತಾಳೆಯೇ? ಬರೆದು ಕಳಿಸಿದ್ದಾಳೆ, ಅದನ್ನೇ ಕೈ ಎಂದುಕೊಂಡೆ. ತಪ್ಪು ಅಲ್ಲೇ ಆಯಿತು. ಕೈ ಆದರೆ ಹಿಂದಕ್ಕೆ ಹೋಗುವುದು ಕಾಣಿಸುತ್ತದೆ. ಪತ್ರ ಹಿಂದಕ್ಕೆ ಹೋಗಬೇಕಾದರೆ ಇನ್ನೊಂದು ಪತ್ರ ಬರಬೇಕು.

ಒಂದು ಭಾನುವಾರ ಸುಜಿ ಕಂಪ್ಯೂಟರ್ ಚಾಲೂ ಮಾಡಿದರೆ, ಬ್ರೌಸರು ರಾತ್ರೋರಾತ್ರಿ ತಾನಾಗಿಯೇ ವೇಷ ಬದಲಿಸಿ ಕೂತಿತ್ತು. ಅಕ್ಷರಗಳು ಸಾಸಿವೆಯಷ್ಟಾಗಿದ್ದವು. ನಟಿಯ ಫೋಟೋ ಮಾತ್ರ ಬಾಗಿಲಿನಷ್ಟು. ಮಾಲಕ ನನ್ನನ್ನು ಕೇಳದೆ ಖೋಲಿಯೊಳಗೆ ನುಗ್ಗಿ ಒಲೆಯ ಜಾಗ ಬದಲಿಸಿದ ಹಾಗಾಯಿತು. ನನ್ನ ಹಳೆಯ ರಕ್ತ ಕುದಿಯಿತು.

‘ಏ ಸುಜಿ, ತಗಿ ಇದನ್ನ. ಬ್ಯಾರೇವು ತೋರಸು.’

ಹುಡುಗಿ ಮೂರು ಬ್ರೌಸರ್ ಇಳಿಸಿದಳು. ನಾನು ಕುರ್ಚಿ ಎಳೆದುಕೊಂಡು, ಸಂತೆಯಲ್ಲಿ ಬದನೆಕಾಯಿ ತಿರುವಿ ನೋಡುವ ಹಾಗೆ ಒಂದೊಂದನ್ನೂ ನೋಡಿದೆ. ಮೊದಲನೆಯದು ಭಾಳ ಚುರುಕು. ಆದರೆ ಸುಜಿ ಅದರಲ್ಲಿ ನನಗಾಗಿ ಒಂದು ಕತ್ತರಿ ಹುಡುಕಿದ್ದೇ ತಡ, ಎಲ್ಲಿ ಹೋದರೂ ಕತ್ತರಿಗಳೇ ಎದುರು ಬಂದವು. ಅಡುಗೆಯ ಪುಟದಲ್ಲಿ ಕತ್ತರಿ, ದೇವರ ಪುಟದಲ್ಲಿ ಕತ್ತರಿ.

‘ಇದು ಯಾಕ ಹಿಂಗ ಬೆನ್ನ ಹತ್ತೈತಿ?’

‘ನಾವು ಏನ ನೋಡ್ತೀವಿ ಅಂತ ನೆನಪಿಟ್ಟು ಮಾರಾಟ ಮಾಡ್ತಾರ ಆಯಿ. ಈ ಎರಡನೇದು ನೋಡು, ಇದು ಹಿಂದ ಬರೂದು ಕಡಿಮಿ.’

‘ಗಿರಾಕಿ ಹಿಂದ ಹೋಗದಿದ್ರ ಹೊಟ್ಟಿಗೆ ಏನ್ ತಿಂತೈತಿ ಅದು?’

ಸುಜಿ ನಕ್ಕಳು. ನಾನು ಕೇಳಿದ್ದು ಚೇಷ್ಟೆಗಲ್ಲ. ದಂಡೆಯ ಮೇಲೆ ಹದಿನೆಂಟು ವರ್ಷ ಜನರ ಹಿಂದೆ ನಡೆದವಳು ನಾನು. ‘ದೇಖೋ ಮೇಡಂ, ಲೇನಾ ನಹೀಂ, ಖಾಲಿ ದೇಖೋ’, ಕೊಳ್ಳಬೇಡಿ, ಬರೀ ನೋಡಿ, ಎನ್ನುತ್ತ ಅರ್ಧ ಮೈಲಿ ಹೋಗಿದ್ದೇನೆ. ಬಿಸಿಲಿಗೆ ಮಲಗಿದವರ ತಲೆಯ ಹತ್ತಿರ ಕೂತು ಅವರು ಕಣ್ಣು ಬಿಡುವವರೆಗೂ ಕಾದಿದ್ದೇನೆ. ಹಿಂದೆ ಬೀಳುವವರ ಕಷ್ಟ ನನಗೆ ಗೊತ್ತು. ಆದರೂ ನನ್ನ ಹಿಂದೆ ಯಾರೂ ಬೀಳಬಾರದು. ನ್ಯಾಯವಲ್ಲ, ಇರಲಿ.

ಮೂರನೆಯದರ ಚಿತ್ರ ಮಂಕು. ಎರಡನೆಯದನ್ನೇ ಆರಿಸಿದೆ. ಅದರ ಅಕ್ಷರ ಎಷ್ಟು ದೊಡ್ಡದು ಬೇಕೆಂದರೆ ಅಷ್ಟಾಗುತ್ತಿತ್ತು. ತೆರೆದರೆ ಬಿಳಿಯ ಹಾಳೆ, ಹುಡುಕುವುದಕ್ಕೊಂದು ಗೆರೆ. ನಟಿ ಇಲ್ಲ. ಕಸ ಗುಡಿಸಿ ನೆಲ ಒರೆಸಿದ ಖೋಲಿಯ ಹಾಗೆ.

ಇನ್ನು ಮುಂದೆ ಇದೇ ಇರಲಿ ಎಂದು ಸುಜಿ ಒತ್ತಿದಳೋ ಇಲ್ಲವೋ, ಹಳೆಯದು ಅಡ್ಡ ಬಂತು. ಖಂಡಿತವಾಗಿಯೂ ಬದಲಿಸುತ್ತೀರಾ? ಒಮ್ಮೆ ನನ್ನನ್ನು ಹೊಸದಾಗಿ ನೋಡಬಾರದೇ? ಎಂದು ಕೇಳಿತು. ನಾನು ನಕ್ಕೆ ನೋಡಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆ. ಅದು ನನ್ನದೇ ಮಾತು! ಸರ ಕೊಳ್ಳದೆ ಎದ್ದು ಹೊರಟವರ ಮುಂದೆ ನಾನು ಆಡುತ್ತಿದ್ದ ಮಾತು ಅದು.

‘ಏನ್ ಮಾಡ್ಲಿ ಆಯಿ?’

‘ಅದರ ಮಾರಿ ನೋಡಬ್ಯಾಡ. ನೋಡಿದ್ರ ತಗೋತಿ. ಒತ್ತು.’

ಒತ್ತಿದಳು. ಗುಡುಗೂ ಇಲ್ಲ, ಸಿಡಿಲೂ ಇಲ್ಲ. ಯಂತ್ರ ಮೊದಲಿನ ಹಾಗೇ ಗುಯ್ ಎನ್ನುತ್ತಿತ್ತು. ಇಷ್ಟಕ್ಕೆ ಆರು ತಿಂಗಳು ಹೆದರಿದೆನಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ‘ಟಪಾಲಪ್ಪನ್ನೂ ಬದಲಿ ಮಾಡು’ ಎಂದು ಹೇಳಿ, ಊಟ ಮುಗಿಸಿ, ನೆಲದ ಮೇಲೆ ವಿಮಲಾಬಾಯಿಯ ಸೀರೆಗಳನ್ನು ಹರಡಿಕೊಂಡು ಕೂತೆ.

ಮೂರು ಸೀರೆ ಕತ್ತರಿಸಿದ್ದಾಯಿತು. ನಾಲ್ಕನೆಯದು ಈ ಹಸಿರು ಇಳಕಲ್. ಕೆಂಪು ಸೆರಗನ್ನು ಕೌದಿಯ ನಡುವೆ ಇಡಬೇಕೆಂದು ಸೀಮೆಸುಣ್ಣದಿಂದ ಗೆರೆ ಎಳೆದಿದ್ದೆ. ಕತ್ತರಿ ಇಟ್ಟೆ. ಒಳ್ಳೆಯ ಕತ್ತರಿ, ಒಮ್ಮೆ ಶುರುವಾದರೆ ತಾನೇ ಓಡುತ್ತದೆ.

‘ಆಯಿ,’ ಎಂದಳು ಸುಜಿ. ‘ಹೊಸಾದ್ರಾಗ ಪತ್ರ ಎಲ್ಲಾ ಬಂದ್ವು. ಒಂದೂ ಹೋಗಿಲ್ಲ.’

‘ಚಲೋ ಆತು.’

‘ಇದು ಎಲ್ಲಾ ಪೆಟಗೀ ಹೆಸರೂ ಸಾಲಾಗಿ ತೋರಸ್ತೈತಿ. ಕಸದ ಪೆಟಗ್ಯಾಗ ಮೂರು ಪತ್ರ ಅದಾವ.’

‘ಕಸ ಅಂದ್ರ ಚೆಲ್ಲು.’

‘ಪುಣೆ ಬಾಯೀವು ಅದಾವ ಆಯಿ.’

ಕತ್ತರಿ ನಿಂತಿತು. ಆದರೆ ಒಂದು ಗೇಣು ಓಡಿ ನಿಂತಿತು.

ವಿಮಲಾಬಾಯಿ ತನ್ನ ಇ-ಮೇಲಿನ ಪಾಸ್‌ವರ್ಡ್ ಮರೆತು ಮಗಳ ವಿಳಾಸದಿಂದ ಬರೆದಿದ್ದಳು. ಗುರುತಿಲ್ಲದ ವಿಳಾಸ ಎಂದು ಅವುಗಳನ್ನು ಕಸಕ್ಕೆ ಹಾಕಿಯಾಗಿತ್ತು. ಆ ಕಸದ ಪೆಟ್ಟಿಗೆಯನ್ನು ಟಪಾಲಪ್ಪ ಯಾವುದೋ ಮಡಿಕೆಯೊಳಗೆ ಮಡಚಿ ಇಟ್ಟಿದ್ದ, ನಾವೂ ಬಿಚ್ಚಿ ನೋಡಿರಲಿಲ್ಲ. ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀರಿ. ಮಾಡಿದ್ದಳಂತೆ. ನನ್ನ ಫೋನು ಆ ವಾರ ಬಟ್ಟೆಯ ಬಕೆಟಿನಲ್ಲಿ ಸ್ನಾನ ಮಾಡಿ ಅಕ್ಕಿಯ ಡಬ್ಬಿಯಲ್ಲಿ ಮಲಗಿತ್ತು.

ಸುಜಿ ಓದಿದಳು. ಮೊದಲನೆಯ ಪತ್ರ ಉದ್ದ. ಹಸಿರು ಸೀರೆಯನ್ನು ಅವ್ವ ವಿಮಲಾಬಾಯಿಯ ಪರೀಕ್ಷೆಯ ದಿನಗಳಲ್ಲೆಲ್ಲ ಉಡುತ್ತಿದ್ದಳಂತೆ, ಶಾಲೆಯ ಗೇಟಿನ ಹತ್ತಿರ ಆ ಕೆಂಪು ಸೆರಗು ದೂರದಿಂದಲೇ ಕಾಣುತ್ತಿತ್ತಂತೆ, ಅದೊಂದು ಬೇಡ, ವಾಪಸ್ ಕಳಿಸಿ ಎಂದಿತ್ತು. ಎರಡನೆಯದರಲ್ಲಿ, ‘ಹಸಿರು ಸೀರಿ ಬಿಡ್ರಿ’ ಎಂದಷ್ಟೇ. ಮೂರನೆಯದು: ‘ಅಜ್ಜಿ, ಓದಿದ್ರ ಒಂದು ಮಾತು ಬರೀರಿ. ಇಲ್ಲಿ ನನಗ ಊಟ ಸೇರವಲ್ದು.’

ಸುಜಿ ನೆಲಕ್ಕೆ ಬಂದು ಕೂತಳು. ಸೆರಗು ಎತ್ತಿ ನೋಡಿದಳು. ಮೆಲ್ಲಗೆ, ‘ಹೊಲದು ಕಳಿಸಿಬಿಡು ಆಯಿ. ಅವರಿಗೆ ಗೊತ್ತಾಗೂದಿಲ್ಲ,’ ಎಂದಳು.

‘ಗೊತ್ತಾಗದಂಗ ಹೊಲಿಯಾಕ ನನಗ ಬರೂದಿಲ್ಲ. ನಾ ಕೌದಿಯಾಕಿ. ನನ್ನ ಹೊಲಿಗಿ ಮೈಲಿ ದೂರದಿಂದ ಕಾಣ್ತೈತಿ.’

‘ಹಂಗಾರ ಕಂಪ್ಯೂಟರಿಂದ ತಪ್ಪಾತು ಅಂತ ಬರೀಲಿ?’

ಬರಿ ಎಂದೆ. ಬರೆದಳು. ಆಮೇಲೆ ಅಳಿಸು ಎಂದೆ. ಟಪಾಲಪ್ಪನಿಗೆ ಕೈ ಇಲ್ಲ, ಕತ್ತರಿ ಹಿಡಿದವನು ಅವನಲ್ಲ. ಅವನನ್ನು ಬದಲಿಸಬೇಡ ಎಂದು ಆರು ತಿಂಗಳು ಕೂಗಿದವಳು ಯಾರು? ಹುಡುಗಿಯನ್ನು ಪಕ್ಕಕ್ಕೆ ಸರಿಸಿ ನಾನೇ ಕೂತೆ. ಕನ್ನಡದ ಅಕ್ಷರಗಳು ಎಲ್ಲಿವೆ ಎಂದು ಆಕೆ ತೋರಿಸಿದಳು. ಒಂದೊಂದೇ ಅಕ್ಷರ ಹುಡುಕಿ, ಕಾಳು ಆರಿಸಿದ ಹಾಗೆ ಆರಿಸಿ ಒತ್ತಿದೆ. ನನ್ನ ಜನ್ಮದಲ್ಲಿ ನಾನೇ ಬರೆದ ಮೊದಲ ಪತ್ರ ಅದು. ಅಂಗಳದ ಬಿಸಿಲು ಗೋಡೆ ಹತ್ತುವವರೆಗೆ ಬರೆದೆ. ಇಷ್ಟೇ ಆಯಿತು:

‘ನಿಮ್ಮ ಪತ್ರ ಇವತ್ತು ಕಂಡವು. ಹಸಿರು ಸೀರಿ ಸೆರಗು ಒಂದು ಗೇಣು ಕತ್ತರಿಸೀನಿ. ತಪ್ಪು ನಂದು. ಹೊಲದು ಕಳಸ್ತೀನಿ, ಕಾಣ್ತೈತಿ. ಬೈಯೂದಿದ್ರ ಬೈರಿ.’

ಬೈದಳು. ಏನೂ ಉಳಿಸಿಕೊಳ್ಳಲಿಲ್ಲ. ಧಾರವಾಡದ ಹೆಂಗಸು ಸಭ್ಯವಾಗಿ, ಎಲ್ಲ ಸಾಲಿಗೂ ‘ರೀ’ ಹಚ್ಚಿ ಬೈದರೆ ಎಷ್ಟು ಉರಿಯುತ್ತದೆ ಎಂಬುದು ಬೈಸಿಕೊಂಡವರಿಗೇ ಗೊತ್ತು. ಸುಜಿ ಓದಿ ಹೇಳುತ್ತೇನೆ ಎಂದಳು. ಬೇಡ ಎಂದೆ. ಅಕ್ಷರ ದೊಡ್ಡದು ಮಾಡಿಕೊಂಡು ಎರಡು ಸಲ ನಾನೇ ಓದಿದೆ.

ಹೊಲಿಯಲು ಸೀರೆ ಬಿಡಿಸಿದಾಗ ಕೆಳಗಿನ ಅಂಚಿನಲ್ಲಿ ಒಂದು ಹಳೆಯ ರಫೂ ಕಂಡಿತು. ಎಲ್ಲೋ ಮೊಳೆಗೆ ಸಿಕ್ಕಿ ಹರಿದದ್ದನ್ನು ಆಕೆಯ ಅವ್ವ ಹೊಲಿದುಕೊಂಡಿರಬೇಕು. ಸಣ್ಣ ಟಾಕೆ, ಪ್ರತಿ ಮೂರನೆಯದು ಕೊಂಚ ಓರೆ. ಕೈ ಚಲೋ ಇತ್ತು, ಕಣ್ಣು ಸೋಲುತ್ತಿತ್ತು ಅನಿಸುತ್ತದೆ. ನನ್ನ ದಪ್ಪ ಸೂಜಿ ಪಕ್ಕಕ್ಕಿಟ್ಟು, ಸುಜಿಯ ಸಣ್ಣ ಸೂಜಿ ತೆಗೆದುಕೊಂಡು, ಆ ಅವ್ವನ ಹೊಲಿಗೆಯನ್ನೇ ನೋಡಿ ನೋಡಿ ಸೆರಗು ಹೊಲಿದೆ. ಮೂರು ದಿನ ಹಿಡಿಯಿತು. ಉಳಿದ ಎಂಟು ಸೀರೆಗಳ ಕೌದಿಯ ಮೇಲೆ ಅದನ್ನು ಮಡಚಿಟ್ಟು ಕಳಿಸಿದೆ.

ಹದಿನೈದು ದಿನಕ್ಕೆ ಪತ್ರ ಬಂತು. ‘ಎರಡು ಕಡೆ ಹೊಲಿಗಿ ಅದಾವಲ್ರಿ. ನಿಮ್ಮದು ಯಾವುದು?’

‘ಸೆರಗಿಂದು ನಂದು. ನಿಮ್ಮ ಅವ್ವಂದು ನನಗಿಂತ ಚಲೋ ಐತಿ,’ ಎಂದು ಬರೆದೆ. ಇದ್ದದ್ದೇ ಅದು.

ಆಮೇಲೆ ಆಕೆ ಆಗಾಗ ಬರೆಯುತ್ತಾಳೆ. ಪುಣೆಯ ಈರುಳ್ಳಿಯ ಬಗ್ಗೆ, ಸೊಂಟನೋವಿನ ಬಗ್ಗೆ. ನಾನೂ ನಾಲ್ಕು ಸಾಲು ಬರೆಯುತ್ತೇನೆ. ಸುಜಿ ಈಗ ಒಂದು ಹೋಟೆಲಿನ ಕೌಂಟರಿನಲ್ಲಿ ಕೆಲಸಕ್ಕಿದ್ದಾಳೆ, ಹಗಲೆಲ್ಲ ಮನೆಯಲ್ಲಿ ಇರುವುದಿಲ್ಲ. ಅವಳು ಬಂದು ಓದಲಿ ಎಂದು ಕಾಯುವುದು ನನಗೆ ತಪ್ಪಿದೆ.

ನೋಡಿ, ಮಾತಾಡುತ್ತಿದ್ದ ಹಾಗೇ ಕಂಪ್ಯೂಟರ್ ಕಣ್ಣು ಬಿಟ್ಟಿತು.

ಹೊಸ ಟಪಾಲಿನವನನ್ನು ತೆರೆದೆ. ಬಂದ ಪತ್ರಗಳ ಪೆಟ್ಟಿಗೆಯಲ್ಲಿ ವಿಮಲಾಬಾಯಿ ಇಲ್ಲ. ಎರಡು ಸಲ ನೋಡಿದೆ, ಇಲ್ಲ. ಎಡಗಡೆಯ ಸಾಲಿನಲ್ಲಿ ಕಣ್ಣು ಕೆಳಗೆ ಇಳಿಸಿದೆ. ಕಸದ ಪೆಟ್ಟಿಗೆಯ ಪಕ್ಕ ಒಂದು ಎಂಬ ಅಂಕಿ ಇತ್ತು.

ಒತ್ತಿದೆ. ಈ ಸಲ ಅಳಿಯನ ವಿಳಾಸದಿಂದ ಬರೆದಿದ್ದಾಳೆ. ಪಾಸ್‌ವರ್ಡ್ ಮತ್ತೆ ಮರೆತಿರಬೇಕು, ಬುದ್ಧಿ ಇಲ್ಲದ ಹೆಂಗಸು. ನಾನೇ ತಿರುವಿ ನೋಡಿ ಆರಿಸಿದ ಟಪಾಲಿನವನೂ ಗುರುತಿಲ್ಲದವರನ್ನು ಕಸಕ್ಕೇ ತಳ್ಳಿದ್ದಾನೆ. ಅವನ ಮೇಲೆ ಸಿಟ್ಟು ಬರಲಿಲ್ಲ. ತಳ್ಳಿದ ಜಾಗ ಮುಚ್ಚಿಡದೆ ತೋರಿಸಿದನಲ್ಲ, ಉಳಿದದ್ದು ನನ್ನ ಕೆಲಸ.

‘ಮಗಳಿಗೆ ಹೆಣ್ಣು ಕೂಸು ಹುಟ್ಟೈತ್ರಿ. ದವಾಖಾನ್ಯಾಗ ಅದೀನಿ, ಫೋನ್ ಎತ್ತಾಕ ಆಗೂದಿಲ್ಲ. ಹಸಿರು ಸೀರಿ ಕಳಿಸೀನಿ. ಸಣ್ಣ ಕೌದಿ ಮಾಡ್ರಿ. ಅವ್ವನ ಹೊಲಿಗಿ, ನಿಮ್ಮ ಹೊಲಿಗಿ ಎರಡೂ ಮ್ಯಾಲ ಕಾಣಬೇಕು. ಈಗ ಕತ್ತರಿ ಹಾಕ್ರಿ.’

ಇದು ಕಸ ಅಲ್ಲ ಎಂಬ ಗುಂಡಿ ಒತ್ತಿದೆ. ಪತ್ರ ಮೇಲಿನ ಪೆಟ್ಟಿಗೆಗೆ ಹೋಗಿ ಕೂತಿತು. ‘ಸಿಕ್ತು. ಹಾಕಾಕತ್ತೀನಿ. ಕೂಸಿನ ನೆತ್ತಿಗೆ ಎಣ್ಣಿ ಹಚ್ರಿ’ ಎಂದು ಬರೆದು ಕಳಿಸಿದೆ.

ನೆಲಕ್ಕೆ ಬಂದು ಕೂತೆ. ಎದುರಿಗೆ ವಿಮಲಾಬಾಯಿ ಇರಲಿಲ್ಲ. ಆದರೂ ಪದ್ಧತಿಯ ಹಾಗೆ ಕೈ ಚಾಚಿ, ಯಾರೋ ಎತ್ತಿ ಕೊಟ್ಟ ಹಾಗೆ ಸೀರೆ ತೆಗೆದುಕೊಂಡೆ. ಮೊದಲು ಆ ಅವ್ವನ ರಫೂ, ಆಮೇಲೆ ನನ್ನದು, ಎರಡನ್ನೂ ಸುತ್ತ ನಾಲ್ಕು ಬೆರಳು ಬಿಟ್ಟು ಚೌಕವಾಗಿ ಕತ್ತರಿಸಿ ಪಕ್ಕಪಕ್ಕ ಇಟ್ಟೆ. ಆಕೆಯದೇ ಚಲೋ ಇದೆ, ಈಗಲೂ.